ಕರೆಂಟ್ ಹೋದರೂ ಕರಗದ ಹಣ್ಣು–ಟೀ ಜೆಲ್ಲಿ

ಬೇಸಿಗೆ ಬಂತೆಂದರೆ ಈ ಪ್ರಶ್ನೆಗಳು ಶುರು. "ಟೀ ಜೆಲ್ಲಿ ಮಾಡಿದೆ, ಗಟ್ಟಿಯಾಗಲೇ ಇಲ್ಲ." "ಗಟ್ಟಿಯೇನೋ ಆಯ್ತು, ಆದರೆ ಬಾಯಿಗಿಡೋಕಾಗದಷ್ಟು ಕಹಿ." "ಮಧ್ಯಾಹ್ನ ಕರೆಂಟ್ ಹೋಯ್ತು, ಸಂಜೆ ನೋಡಿದರೆ ಎಲ್ಲ ನೀರು." ಕೇಳುವವರು ಮಡಿಕೇರಿಯವರೂ ಹೌದು, ಕುಶಾಲನಗರ, ಗೋಣಿಕೊಪ್ಪದವರೂ ಹೌದು. ತೊಂದರೆ ಮಾತ್ರ ಹೆಚ್ಚುಕಡಿಮೆ ಇವೇ ಮೂರು. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಟೀಯನ್ನು ಕುದಿಸಬಾರದು. ಜೆಲ್ಲಿ ಗಟ್ಟಿಯಾಗಲು ಹಾಕುವ ಅಗರನ್ನು ಕುದಿಸದೆ ಬಿಡಬಾರದು. ಒಂದಕ್ಕೆ ಬೇಕಾದ್ದು ಇನ್ನೊಂದಕ್ಕೆ ಆಗಿಬರುವುದಿಲ್ಲ. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಒಲೆ ಹಚ್ಚಿದರೆ ಒಂದೋ ಟೀ ಕಹಿಯಾಗುತ್ತದೆ, ಇಲ್ಲವೇ ಅಗರ್ ಅರೆಬರೆ ಕರಗಿ ಜೆಲ್ಲಿ ಕೂರುವುದೇ ಇಲ್ಲ. ಹಾಗಾಗಿ ಎರಡು ಪಾತ್ರೆ ಬೇಕು. ಇದರಲ್ಲಿ ಮಾತ್ರ ಸುಲಭದ ದಾರಿ ಹುಡುಕಬೇಡಿ.

ಅಗರ್ ಎಂದರೇನು, ಜೆಲಾಟಿನ್ ಯಾಕೆ ಬೇಡ

ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಕೇಳಿದರೆ ಕೊಡುತ್ತಾರಲ್ಲ, ಅದೇ ಅಗರ್ ಅಗರ್. ಕಡಲಲ್ಲಿ ಬೆಳೆಯುವ ಕೆಂಪು ಪಾಚಿಯಿಂದ ತೆಗೆದದ್ದು. ಪೂರ್ತಿ ಸಸ್ಯಾಹಾರ. ಬಿಳಿ ಎಳೆಗಳಾಗಿಯೂ ಸಿಗುತ್ತದೆ, ಪುಡಿಯಾಗಿಯೂ ಸಿಗುತ್ತದೆ. ರಂಜಾನ್ ತಿಂಗಳಲ್ಲಂತೂ ನಮ್ಮ ಕಡೆಯ ಪೇಟೆಗಳಲ್ಲಿ ಸುಲಭವಾಗಿ ಸಿಗುತ್ತದೆ, ಇಫ್ತಾರ್‌ಗೆ ಹಾಲಿನ ಪುಡ್ಡಿಂಗ್ ಮಾಡುವವರು ಕೊಳ್ಳುವುದು ಇದನ್ನೇ.

ಜೆಲಾಟಿನ್ ಬೇರೆ ವಸ್ತು. ಅದನ್ನು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುತ್ತಾರೆ. ತಿನ್ನುವವರಿಗೆ ಅದರಲ್ಲಿ ತಪ್ಪೇನಿಲ್ಲ. ಬಾಯಲ್ಲಿಟ್ಟರೆ ಕರಗುವ ಗುಣ ಅದಕ್ಕೇ ಇರುವುದು, ಅಗರ್‌ಗೆ ಇಲ್ಲ. ಆದರೆ ನಮ್ಮ ಬೇಸಿಗೆಗೆ ಅದು ಹೊಂದುವುದಿಲ್ಲ ಎನ್ನಲು ಎರಡು ಕಾರಣಗಳಿವೆ.

ಒಂದು, ಜೆಲಾಟಿನ್ ಗಟ್ಟಿಯಾಗಲು ಫ್ರಿಜ್ ಬೇಕೇ ಬೇಕು. ಸುಮಾರು 30ರಿಂದ 35 ಡಿಗ್ರಿಗೆ ಅದು ಮತ್ತೆ ನೀರು. ಏಪ್ರಿಲ್‌ನಲ್ಲಿ ಗುಡುಗು ಮಳೆ ಬಂದು, ಲೈನ್ ಮೇಲೆ ಕೊಂಬೆ ಬಿದ್ದು ಗಂಟೆಗಟ್ಟಲೆ ಕರೆಂಟ್ ಹೋಗುವುದು ನಮಗೆ ಹೊಸತಲ್ಲ. ಅಗರ್ 35ರಿಂದ 40 ಡಿಗ್ರಿಯ ಹೊತ್ತಿಗೇ, ಅಂದರೆ ಅಡುಗೆಮನೆ ಕಟ್ಟೆಯ ಮೇಲೇ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿಯವರೆಗೆ ಕರಗುವುದಿಲ್ಲ. ಫ್ರಿಜ್ ಬೇಕಾಗುವುದು ತಣ್ಣಗಾಗಲು ಮಾತ್ರ, ಗಟ್ಟಿಯಾಗಲು ಅಲ್ಲ.

ಎರಡನೆಯದು ಅನಾನಸ್. ಹಸಿ ಅನಾನಸ್, ಪಪ್ಪಾಯಿ, ಕಿವಿ, ಅಂಜೂರ, ಹಸಿ ಶುಂಠಿ ಇವುಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವ ಇದೆ. ಜೆಲಾಟಿನ್ ಪ್ರೋಟೀನ್ ಆದ್ದರಿಂದ ಇವು ಅದನ್ನು ಕೂರಲು ಬಿಡುವುದಿಲ್ಲ. "ಅನಾನಸ್ ಹಾಕಿದ ಭಾಗ ಮಾತ್ರ ನೀರಾಯ್ತು" ಎನ್ನುವವರ ತೊಂದರೆ ಇದೇ. ಅಗರ್ ಪ್ರೋಟೀನ್ ಅಲ್ಲ, ಅದಕ್ಕೆ ಈ ಕಾಟವಿಲ್ಲ.

ಬಣ್ಣ, ಸಕ್ಕರೆ ಎಲ್ಲ ಸೇರಿಸಿದ ಜೆಲ್ಲಿ ಪ್ಯಾಕೆಟ್‌ಗಳು ಈ ಕೆಲಸಕ್ಕೆ ಬೇಡ. ಅವುಗಳ ಕೃತಕ ವಾಸನೆಯ ಮುಂದೆ ಟೀ ಉಳಿಯುವುದಿಲ್ಲ.

ಬೇಕಾಗುವುದು (ಸುಮಾರು 6 ಜನಕ್ಕೆ)

ಜೆಲ್ಲಿಗೆ:
- ಅಗರ್ ಪುಡಿ 5 ಗ್ರಾಂ, ಅಥವಾ ಚೈನಾ ಗ್ರಾಸ್ ಎಳೆ 7ರಿಂದ 8 ಗ್ರಾಂ
- ಅಗರ್ ಕುದಿಸಲು ನೀರು 250 ಮಿ.ಲೀ.
- ಟೀಗೆ ನೀರು 500 ಮಿ.ಲೀ. (ಎಲೆ ಹೀರುವುದಕ್ಕೆ ಇನ್ನೊಂದೆರಡು ಚಮಚ ಜಾಸ್ತಿ)
- ಎಲೆ ಟೀ 8 ಗ್ರಾಂ
- ಸಕ್ಕರೆ 6 ದೊಡ್ಡ ಚಮಚ, ಅಂದರೆ ಸುಮಾರು 75 ಗ್ರಾಂ
- ನಿಂಬೆ ರಸ 1 ದೊಡ್ಡ ಚಮಚ
- ಏಲಕ್ಕಿ 2, ಅಥವಾ ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ಒಂದು ಗರಿ

ಹಣ್ಣು ಒಟ್ಟು 300ರಿಂದ 400 ಗ್ರಾಂ. ಮೇಲೆ ಹಾಕಲು ಕೊಡಗಿನ ಜೇನು ಸ್ವಲ್ಪ, ಕಾಮಕಸ್ತೂರಿ ಬೀಜ 1 ಚಿಕ್ಕ ಚಮಚ.

ಅಗರನ್ನು ಆದಷ್ಟು ತೂಕ ಮಾಡಿಯೇ ಹಾಕಿ. ಪುಡಿ ಎಷ್ಟು ನುಣ್ಣಗಿದೆ ಎನ್ನುವುದರ ಮೇಲೆ ಚಮಚದ ಅಳತೆ ಬದಲಾಗುತ್ತದೆ. ತಕ್ಕಡಿ ಇಲ್ಲವೆಂದರೆ ಸಮ ಮಾಡಿದ ಎರಡೂವರೆ ಚಿಕ್ಕ ಚಮಚದಿಂದ ಶುರು ಮಾಡಿ. ಕೊಳ್ಳುವ ಪ್ಯಾಕೆಟ್‌ಗಳ ಶಕ್ತಿಯೂ ಒಂದೇ ಥರ ಇರುವುದಿಲ್ಲ. ಅದಕ್ಕೇ ಕೆಳಗೆ ತಟ್ಟೆ ಪರೀಕ್ಷೆ ಹೇಳಿದ್ದೇನೆ, ಅದನ್ನು ಬಿಡಬೇಡಿ.

ಯಾವ ಟೀ?

ದಿನಾ ಹಾಲು ಹಾಕಿ ಕುದಿಸುವ ಟೀ ಪುಡಿ ಇದೆಯಲ್ಲ, ಸಣ್ಣ ಗುಂಡು ಗುಂಡು ಕಾಳಿನದ್ದು, ಅದನ್ನು ಸಿಟಿಸಿ ಎನ್ನುತ್ತಾರೆ. ಎಲೆಯನ್ನು ಯಂತ್ರದಲ್ಲಿ ಅರೆದು, ಹರಿದು, ಸುರುಳಿ ಮಾಡಿದ್ದು. ಬೇಗ ಬಣ್ಣ ಬಿಡುತ್ತದೆ, ಬೇಗ ಒಗರೂ ಬಿಡುತ್ತದೆ. ಹಾಲಿಗೆ ಸರಿ. ಜೆಲ್ಲಿಗೆ ಬೇಕಾದ್ದು ಉದ್ದ ಎಲೆಯ ಟೀ, ಪ್ಯಾಕೆಟ್ ಮೇಲೆ ಆರ್ಥೊಡಾಕ್ಸ್ ಅಂತ ಬರೆದಿರುತ್ತದೆ. ನಮ್ಮ ಜಿಲ್ಲೆ ಕಾಫಿಯದ್ದೇ ಆದರೂ ಹುದಿಕೇರಿ ಕಡೆ ಟೀ ತೋಟವೂ ಇದೆ. ಪಕ್ಕದ ವಯನಾಡು, ನೀಲಗಿರಿಯ ಟೀಯೂ ಇಲ್ಲಿಗೆ ಬರುತ್ತದೆ. ನನ್ನನ್ನು ಕೇಳಿದರೆ ನೀಲಗಿರಿ ಎಲೆ ಟೀ ಈ ಕೆಲಸಕ್ಕೆ ತುಂಬಾ ಚೆನ್ನ. ತಣ್ಣಗಾದಾಗಲೂ ತಿಳಿಯಾಗಿರುತ್ತದೆ, ಹೂವಿನಂಥ ಪರಿಮಳ ಬೇರೆ. ಹಸಿರು ಟೀಯಲ್ಲೂ ಮಾಡಬಹುದು. ಅದಕ್ಕೆ ಕುದಿ ಬಂದ ನೀರನ್ನು ಐದು ನಿಮಿಷ ಆರಿಸಿ ಹಾಕಬೇಕು, ನೆನೆಸುವುದು ಎರಡೇ ನಿಮಿಷ.

ಮನೆಯಲ್ಲಿ ಸಿಟಿಸಿ ಮಾತ್ರ ಇದ್ದರೆ? ಮಾಡಿ, ಪರವಾಗಿಲ್ಲ. 5 ಗ್ರಾಂ ಸಾಕು, ಎರಡು ನಿಮಿಷಕ್ಕೇ ಸೋಸಿಬಿಡಿ.

ಈಗ ಕೆಲಸಕ್ಕೆ ಇಳಿಯೋಣ.

1. ಅಗರ್ ನೆನೆಹಾಕಿ

ಪುಡಿಯಾದರೆ 250 ಮಿ.ಲೀ. ತಣ್ಣೀರಿಗೆ ಉದುರಿಸಿ, ಕದಡಿ, ಹತ್ತು ನಿಮಿಷ ಬಿಡಿ. ಬಿಸಿನೀರಿಗೆ ಹಾಕಲೇಬೇಡಿ. ಹೊರಗೆ ಅಂಟು, ಒಳಗೆ ಒಣಪುಡಿ ಇರುವ ಗಂಟುಗಳಾಗುತ್ತವೆ. ಆಮೇಲೆ ಎಷ್ಟು ಕದಡಿದರೂ ಅವು ಹೋಗುವುದಿಲ್ಲ.

ಎಳೆಯಾದರೆ ಕತ್ತರಿಯಲ್ಲಿ ಒಂದಿಂಚು ತುಂಡು ಮಾಡಿ, ಮುಳುಗುವಷ್ಟು ನೀರಲ್ಲಿ ಅರ್ಧ ಗಂಟೆ ನೆನೆಸಿ. ಹಿಂಡಿ ತೆಗೆದು, ಅಳೆದ ಹೊಸ 250 ಮಿ.ಲೀ. ನೀರಿಗೆ ಹಾಕಿ. ನೆನೆಸಿದ ನೀರು ಲೆಕ್ಕಕ್ಕಿಲ್ಲ, ಚೆಲ್ಲಿ.

2. ಹಣ್ಣು ಸಿದ್ಧ ಮಾಡಿ

ಒಲೆ ಹಚ್ಚುವ ಮೊದಲೇ ಹಣ್ಣು ಹೆಚ್ಚಿಟ್ಟುಕೊಳ್ಳಿ. ಆಮೇಲೆ ಪುರುಸೊತ್ತು ಸಿಗುವುದಿಲ್ಲ.

ಮಾವು, ಅನಾನಸ್, ಹಲಸಿನ ತೊಳೆ ಇವು ಮೂರೂ ಟೀ ಜೊತೆ ಚೆನ್ನಾಗಿ ಸೇರುತ್ತವೆ. ಮಾವು ಮಾಗಿರಬೇಕು, ಆದರೆ ಮೆತ್ತಗಾಗಿರಬಾರದು. ಒತ್ತಿದರೆ ರಸ ಬರುವಂಥದ್ದನ್ನು ಹೆಚ್ಚಲು ಹೋಗಬೇಡಿ, ಹಾಗೇ ತಿನ್ನಿ. ಹಲಸನ್ನು ತೀರಾ ಸಣ್ಣಗೆ ಹೆಚ್ಚಿ, ಅರ್ಧ ಸೆಂ.ಮೀ. ಸಾಕು. ಅದರ ವಾಸನೆ ಜೋರು. ನಾಲ್ಕು ತೊಳೆಗಿಂತ ಜಾಸ್ತಿ ಹಾಕಿದರೆ ಟೀ ಮಾಡಿದ್ದೇ ದಂಡ.

ಬೇಲಿ ಮೇಲೆ ಪ್ಯಾಷನ್ ಫ್ರೂಟ್ ಬಳ್ಳಿ ಇರುವವರು ಅದೃಷ್ಟವಂತರು. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ನೇರಳೆ ಮತ್ತು ಹಳದಿ ಜಾತಿಗಳನ್ನು ಕೂಡಿಸಿ ಬೆಳೆಸಿದ 'ಕಾವೇರಿ' ತಳಿ ನಮ್ಮಲ್ಲಿ ಹಲವು ಮನೆಗಳಲ್ಲಿದೆ. ಆ ಹಣ್ಣಿನ ಹುಳಿ, ಪರಿಮಳ ಎರಡೂ ಟೀಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಎರಡು ಹಣ್ಣಿನ ತಿರುಳು ತೆಗೆದು ಜರಡಿಯಲ್ಲಿ ಉಜ್ಜಿ ರಸ ಇಟ್ಟುಕೊಳ್ಳಿ. ಬೀಜ ಕಚ್ಚಲು ಇಷ್ಟವಿದ್ದರೆ ಒಂದು ಚಮಚ ಹಾಗೇ ಉಳಿಸಿ. ಈ ರಸ ಹಾಕುವುದಾದರೆ ನಿಂಬೆ ಬೇಡ.

ಕೊಡಗಿನ ಕಿತ್ತಳೆಯ ಮುಖ್ಯ ಬೆಳೆ ಚಳಿಗಾಲದ್ದು. ಬೇಸಿಗೆಯಲ್ಲಿ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕಾಣುವುದು ಹೆಚ್ಚಾಗಿ ಹೊರಗಿನಿಂದ ಬಂದದ್ದು. ಅದನ್ನು ಹಾಕುವುದಾದರೆ ತೊಳೆಯ ಮೇಲಿನ ಸಿಪ್ಪೆ, ಬಿಳಿ ನಾರು, ಬೀಜ ಎಲ್ಲ ತೆಗೆಯಲೇಬೇಕು. ಬಿಟ್ಟರೆ ಟೀಯ ಒಗರಿಗೆ ನಾರಿನ ಕಹಿಯೂ ಸೇರಿಕೊಳ್ಳುತ್ತದೆ.

ಕಲ್ಲಂಗಡಿಯನ್ನು ಜೆಲ್ಲಿಯ ಒಳಗೆ ಹಾಕಬೇಡಿ, ನೀರು ಬಿಡುತ್ತದೆ. ಪಕ್ಕದಲ್ಲಿ ಬಡಿಸಿ. ಬಾಳೆಹಣ್ಣು ಕಪ್ಪಾಗುತ್ತದೆ. ಬೆಣ್ಣೆಹಣ್ಣು ಇದಕ್ಕೆ ಸೇರುವುದೇ ಇಲ್ಲ.

ಒಂದು ಎಚ್ಚರ: ಹಣ್ಣು ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಬಾರದು. ತಣ್ಣನೆಯ ತುಂಡಿಗೆ ಬಿಸಿ ಅಗರ್ ತಾಗಿದ ಕೂಡಲೇ ಅಲ್ಲೇ ಪದರಗಟ್ಟಿ, ಉಳಿದದ್ದು ಬೇರೆಯಾಗಿ ಕೂರುತ್ತದೆ. ಹೊರಗಿಟ್ಟು, ಒಣ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ.

3. ಅಗರ್ ಕುದಿಸಿ

ನೆನೆದ ಅಗರ್ ಇರುವ ಪಾತ್ರೆಯನ್ನು ಒಲೆಗಿಟ್ಟು ಕದಡುತ್ತಾ ಕುದಿ ಬರಿಸಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಪುಡಿಗೆ ಎರಡರಿಂದ ಮೂರು ನಿಮಿಷ. ಎಳೆಗೆ ಎಂಟರಿಂದ ಹತ್ತು ನಿಮಿಷವೂ ಬೇಕಾಗಬಹುದು.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಮೊದಲೇ, ಸುಮಾರು 96ಕ್ಕೇ ಕುದಿಯುತ್ತದೆ. ಅಗರ್ ಕರಗಲು ಅಷ್ಟು ಬಿಸಿ ಸಾಕು, ಆದರೆ ಒಂದು ನಿಮಿಷ ಜಾಸ್ತಿ ಕೊಡಿ. ಬಯಲುಸೀಮೆಯ ಅಡುಗೆಯವರು ಹೇಳಿದ "ಕುದಿ ಬಂದ ಕೂಡಲೇ ಇಳಿಸಿ" ಎಂಬ ಮಾತನ್ನು ನೆಚ್ಚಿಕೊಂಡರೆ ಜೆಲ್ಲಿ ಕೆಡುವ ಸಾಧ್ಯತೆ ಜಾಸ್ತಿ.

ಕರಗಿದೆಯೋ ಇಲ್ಲವೋ ತಿಳಿಯಲು ಚಮಚವನ್ನು ಅದ್ದಿ ಎತ್ತಿ, ಬೆಳಕಿಗೆ ಹಿಡಿದು ಅದರ ಬೆನ್ನು ನೋಡಿ. ಸಣ್ಣ ಸಣ್ಣ ಗಾಜಿನ ಹರಳಿನಂಥ ಚುಕ್ಕಿ ಕಂಡರೆ ಇನ್ನೂ ಕರಗಿಲ್ಲ. ಚಮಚದ ಮೇಲೆ ಬರೀ ತೆಳು ನುಣುಪಾದ ಪೊರೆ ಇದ್ದರೆ ಆಯ್ತು. ಎಳೆ ಕುದಿಸಿದವರು ಒಮ್ಮೆ ಸೋಸಿಬಿಡಿ. ತುಂಬಾ ಹೊತ್ತು ಕುದಿದು ನೀರು ಇಂಗಿದ್ದರೆ ಬಿಸಿನೀರು ಸೇರಿಸಿ ಮತ್ತೆ 250ಕ್ಕೆ ತನ್ನಿ. ಇದೊಂದನ್ನು ಮರೆತರೆ ಜೆಲ್ಲಿ ರಬ್ಬರ್ ಥರ ಆಗುತ್ತದೆ.

ಪಕ್ಕದಲ್ಲಿ ಮಕ್ಕಳಿದ್ದರೆ ದೂರ ಕಳಿಸಿ. ಬಿಸಿ ಅಗರ್ ನೀರಿನ ಹಾಗೆ ಹರಿದುಹೋಗುವುದಿಲ್ಲ, ಮೈಗೆ ಅಂಟಿಕೊಂಡು ಸುಡುತ್ತದೆ.

4. ಅದೇ ಹೊತ್ತಿಗೆ ಟೀ ನೆನೆಸಿ

ಟೀ ನೀರನ್ನು ಮೊದಲೇ ಕಾಯಲು ಇಟ್ಟಿರಿ. ಕುದಿ ಬಂದ ಕೂಡಲೇ ಒಲೆ ಆರಿಸಿ, ಎಲೆ ಮತ್ತು ಜಜ್ಜಿದ ಏಲಕ್ಕಿ ಅಥವಾ ಗಂಟು ಕಟ್ಟಿದ ಮಜ್ಜಿಗೆ ಹುಲ್ಲು ಹಾಕಿ, ಮುಚ್ಚಿ. ನಾಲ್ಕು ನಿಮಿಷ. ಗಡಿಯಾರ ನೋಡಿ, ಅಂದಾಜು ಬೇಡ. ಬಣ್ಣ ಸಾಲದು ಅನ್ನಿಸಿದರೆ ಮುಂದಿನ ಸಲ ಎಲೆ ಜಾಸ್ತಿ ಹಾಕಿ, ಹೊತ್ತು ಜಾಸ್ತಿ ಮಾಡಬೇಡಿ. ಹೊತ್ತು ಹೆಚ್ಚಾದಷ್ಟೂ ಒಗರು ಇಳಿಯುತ್ತದೆ.

ಸೋಸುವಾಗ ಎಲೆಯನ್ನು ಚಮಚದಿಂದ ಒತ್ತುವ ಅಭ್ಯಾಸ ಬಹಳ ಜನರಿಗಿದೆ. ಆ ಕೊನೆಯ ಎರಡು ಚಮಚದಲ್ಲೇ ಅರ್ಧ ಕಹಿ ಇರುತ್ತದೆ, ಒತ್ತಬೇಡಿ. ಸೋಸಿದ ಬಿಸಿ ಟೀಗೆ ಸಕ್ಕರೆ ಹಾಕಿ ಕರಗಿಸಿ, ರುಚಿ ನೋಡಿ. ಬಿಸಿ ಇರುವಾಗ ತುಸು ಜಾಸ್ತಿಯೇ ಸಿಹಿ ಅನ್ನಿಸಬೇಕು. ತಣ್ಣಗಿನ ತಿಂಡಿಯಲ್ಲಿ ನಾಲಿಗೆಗೆ ಸಿಹಿಯೂ ಕಡಿಮೆ ತಿಳಿಯುತ್ತದೆ, ಟೀಯ ರುಚಿಯೂ ಕಡಿಮೆ ತಿಳಿಯುತ್ತದೆ.

ಹಾಲು ಹಾಕಬಹುದಾ ಅಂತ ಕೇಳುತ್ತಾರೆ. ಹುಳಿ ಹಣ್ಣಿನ ಜೊತೆ ಬೇಡ, ಒಡೆಯುತ್ತದೆ.

5. ಎರಡನ್ನೂ ಸೇರಿಸಿ

ಎರಡೂ ಬಿಸಿ ಇರುವಾಗಲೇ ಸೇರಿಸಬೇಕು. ಕುದಿಯುವ ಅಗರ್‌ಗೆ ತಣ್ಣನೆ ಟೀ ಸುರಿದರೆ ಶಾವಿಗೆ ಎಳೆಗಳ ಹಾಗೆ ಗಟ್ಟಿಯಾಗಿ ಬೇರ್ಪಡುತ್ತದೆ. ಅಗರ್ ಪಾತ್ರೆಯನ್ನು ಒಲೆಯಿಂದ ಇಳಿಸಿ, ಟೀಯನ್ನು ನಿಧಾನಕ್ಕೆ ಸುರಿಯುತ್ತಾ ಕದಡಿ.

ನಿಂಬೆ ರಸ ಅಥವಾ ಪ್ಯಾಷನ್ ಫ್ರೂಟ್ ರಸ ಹಾಕುವುದು ಇದೆಲ್ಲ ಆದ ಮೇಲೆ, ಕೊನೆಗೆ. ಹುಳಿ ಹಾಕಿ ಕುದಿಸಿದರೆ ಅಗರ್‌ನ ಹಿಡಿತ ಒಡೆದುಹೋಗುತ್ತದೆ. ರಸವೂ ಫ್ರಿಜ್‌ನಲ್ಲಿದ್ದದ್ದಾದರೆ ಮೊದಲೇ ಹೊರಗಿಟ್ಟಿರಿ. ನಿಂಬೆ ಬಿದ್ದ ಕೂಡಲೇ ಟೀ ಬಣ್ಣ ತಿಳಿಯಾಗುತ್ತದೆ, ಲೆಮನ್ ಟೀ ಮಾಡುವಾಗ ನೋಡಿರುತ್ತೀರಿ. ಕೆಟ್ಟಿತೆಂದು ಹೆದರಬೇಡಿ. ಹುಳಿಗೆ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಹಾಕಿದರೆ ಹೇಗೆ ಅಂತಲೂ ಕೇಳಿದವರಿದ್ದಾರೆ. ಬೇಡ, ಅದರ ಗಾಢ ರುಚಿಗೆ ಮಾಂಸದ ಸಾರೇ ಸರಿ.

6. ತಟ್ಟೆ ಪರೀಕ್ಷೆ

ಸುರಿಯುವ ಮೊದಲು ತಣ್ಣನೆಯ ಸ್ಟೀಲ್ ತಟ್ಟೆಗೆ ಒಂದು ಚಮಚ ಹಾಕಿ, ಮೂರು ನಿಮಿಷ ಕಾಯಿರಿ. ಬೆರಳ ತುದಿಯಿಂದ ಪಕ್ಕಕ್ಕೆ ತಳ್ಳಿ. ಒಂದೇ ತುಂಡಾಗಿ ಜಾರಿದರೆ, ಒತ್ತಿದಾಗ ಸ್ವಲ್ಪ ನಡುಗಿ ಮತ್ತೆ ನಿಂತರೆ ಸರಿ ಇದೆ. ಮೇಲೆ ಸುಕ್ಕು ಬಿದ್ದು ಕೆಳಗೆ ಇನ್ನೂ ನೀರಾಗಿದ್ದರೆ ಅಗರ್ ಸಾಲದು. ಚಿಟಿಕೆ ಚಿಟಿಕೆ ಪುಡಿ ಎರಚಬೇಡಿ. ಒಂದು ಗ್ರಾಂ ಪುಡಿಯನ್ನು ಕಾಲು ಲೋಟ ನೀರಲ್ಲಿ ಬೇರೆಯಾಗಿ ಕುದಿಸಿ ಸೇರಿಸಿ. ತೀರಾ ಗಟ್ಟಿ ಅನ್ನಿಸಿದರೆ ಬಿಸಿ ಟೀಯೋ ಬಿಸಿನೀರೋ ಸ್ವಲ್ಪ ಹಾಕಿದರಾಯ್ತು.

7. ಸುರಿಯಿರಿ

ಇಲ್ಲಿ ಎರಡು ದಾರಿ ಇದೆ. ಮೊದಲ ಸಲ ಮಾಡುವವರು ಮೊದಲನೆಯದನ್ನೇ ಮಾಡಿ. ನಿಜ ಹೇಳಬೇಕೆಂದರೆ ಎಷ್ಟು ಅನುಭವವಿದ್ದರೂ ನನಗೆ ಇಷ್ಟವಾಗುವುದು ಅದೇ.

ತುಂಡು ಜೆಲ್ಲಿ: ಸುಮಾರು 20 ಸೆಂ.ಮೀ. ಅಗಲದ, ಅಂಚಿರುವ ತಟ್ಟೆಯನ್ನು ನೀರಲ್ಲಿ ತೊಳೆದು, ಒರೆಸದೆ ಹಾಗೇ ಇಟ್ಟು ಜೆಲ್ಲಿ ಸುರಿಯಿರಿ. 2 ಸೆಂ.ಮೀ. ದಪ್ಪ ಬರುತ್ತದೆ. ಮೇಲೆ ಬಂದ ನೊರೆ ಚಮಚದಿಂದ ತೆಗೆಯಿರಿ. ಅರ್ಧದಿಂದ ಮುಕ್ಕಾಲು ಗಂಟೆ ಅಲ್ಲಾಡಿಸದೆ ಕಟ್ಟೆಯ ಮೇಲೆ ಬಿಡಿ. ಆಮೇಲೆ ಮುಚ್ಚಿ ಎರಡು ಗಂಟೆ ಫ್ರಿಜ್‌ನಲ್ಲಿಡಿ. ಚಾಕುವಿನಿಂದ ಬರ್ಫಿಯ ಹಾಗೆ ಚೌಕ ಕತ್ತರಿಸಿ. ಹಣ್ಣಿನ ತುಂಡುಗಳಿಗೆ ಒಂದು ಚಮಚ ಸಕ್ಕರೆ ಹಾಕಿ ಕಾಲು ಗಂಟೆ ಬಿಟ್ಟರೆ ತಾನೇ ರಸ ಬಿಡುತ್ತದೆ, ಅದರಲ್ಲಿ ಚೌಕಗಳನ್ನು ಸೇರಿಸಿ. ಅಗರ್ ಜೆಲ್ಲಿ ಬಾಯಲ್ಲಿ ಕರಗುವುದಿಲ್ಲ, ಕಚ್ಚಿದರೆ ಒಡೆಯುತ್ತದೆ. ಈ ಗುಣ ಚೆನ್ನಾಗಿ ಕಾಣುವುದು ರಸದಲ್ಲಿ ತೇಲುವ ಸಣ್ಣ ತುಂಡಿನಲ್ಲೇ.

ಲೋಟದಲ್ಲಿ ಪದರ: ಗಾಜಿನ ಲೋಟದ ಕಾಲು ಭಾಗ ಜೆಲ್ಲಿ ಸುರಿಯಿರಿ. ಉಳಿದ ಜೆಲ್ಲಿ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟಿರಿ, ಇಲ್ಲದಿದ್ದರೆ ಅಲ್ಲೇ ಗಟ್ಟಿಯಾಗುತ್ತದೆ. ಲೋಟದಲ್ಲಿರುವುದು ಮೇಲ್ಗಡೆ ಕೂತು, ಬೆರಳು ಮುಟ್ಟಿದರೆ ಇನ್ನೂ ಅಂಟುವಂತಿರುವಾಗ ಹಣ್ಣು ಹರಡಿ, ಮುಂದಿನ ಪದರ ಸುರಿಯಿರಿ. ಪೂರ್ತಿ ತಣ್ಣಗಾಗಲು ಬಿಟ್ಟರೆ ಪದರಗಳು ಒಂದಕ್ಕೊಂದು ಹಿಡಿಯುವುದಿಲ್ಲ, ಚಮಚ ಹಾಕಿದ ಕೂಡಲೇ ಜಾರುತ್ತವೆ. ತೀರಾ ಬೇಗ ಸುರಿದರೆ ಹಣ್ಣು ತಳಕ್ಕೆ ಇಳಿಯುತ್ತದೆ ಅಥವಾ ಮೇಲೆ ತೇಲುತ್ತದೆ. ಈ ಹದ ಕೈಗೆ ಬರಲು ಒಂದೆರಡು ಲೋಟ ಹೋಗಲಿ, ಬೇಸರ ಬೇಡ.

ಬಡಿಸುವಾಗ

ಕಾಮಕಸ್ತೂರಿ ಬೀಜವನ್ನು ಅರ್ಧ ಲೋಟ ನೀರಲ್ಲಿ ಕಾಲು ಗಂಟೆ ನೆನೆಸಿದರೆ ಉಬ್ಬುತ್ತದೆ, ಮೇಲೆ ಒಂದು ಚಮಚ ಹಾಕಿ. ಜೇನನ್ನು ಬಟ್ಟಲಿಗೆ ಹಾಕಿದ ಮೇಲೆ ಸುರಿಯಿರಿ, ಬಿಸಿ ಟೀಯಲ್ಲಿ ಕದಡಿದರೆ ಕಾಡುಹೂವಿನ ಆ ಪರಿಮಳ ಹಾರಿಹೋಗುತ್ತದೆ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಬಾರದು. ಸಣ್ಣ ಮಕ್ಕಳಿಗೆ ಬೇರೆಯಾಗಿ, ಟೀ ಬದಲು ಬರೀ ಮಜ್ಜಿಗೆ ಹುಲ್ಲಿನ ಕಷಾಯದಲ್ಲಿ ಇದೇ ಅಳತೆಗೆ ಮಾಡಿ. ರಾತ್ರಿ ನಿದ್ದೆ ಕೆಡುವ ಹಿರಿಯರಿಗೂ ಅದೇ ಒಳ್ಳೆಯದು.

ಮತ್ತೆ ಮತ್ತೆ ಕೇಳುವ ಕೆಲವು

"ಜೆಲ್ಲಿ ಕೂರಲಿಲ್ಲ, ಚೆಲ್ಲಬೇಕಾ?" ಬೇಡ. ಅಗರ್ ಎಷ್ಟು ಸಲವಾದರೂ ಕರಗಿಸಿ ಮತ್ತೆ ಕೂರಿಸಬಹುದಾದ ವಸ್ತು. ಹಣ್ಣು ತೆಗೆದಿಟ್ಟು, ಒಂದೂವರೆ ಗ್ರಾಂ ಪುಡಿಯನ್ನು ಸ್ವಲ್ಪ ನೀರಲ್ಲಿ ಬೇರೆಯಾಗಿ ಮೂರು ನಿಮಿಷ ಕುದಿಸಿ, ಬಿಸಿ ಮಾಡಿದ ಜೆಲ್ಲಿಗೆ ಸೇರಿಸಿ. ಆಗಲೇ ನಿಂಬೆ ಬಿದ್ದಿರುವುದರಿಂದ ಜೆಲ್ಲಿಯನ್ನೇ ಜೋರಾಗಿ ಕುದಿಸಬೇಡಿ.

"ಫ್ರಿಜ್‌ಗೆ ಇಟ್ಟ ಮೇಲೆ ಮಸುಕಾಯ್ತು." ಟೀಯಲ್ಲಿರುವ ಒಗರಿನ ಅಂಶ ಮತ್ತು ಕೆಫೀನ್ ತಣ್ಣಗಾದಾಗ ಒಂದಕ್ಕೊಂದು ಕೂಡಿಕೊಂಡು ಹೀಗಾಗುತ್ತದೆ. ಕೆಟ್ಟಿಲ್ಲ, ತಿನ್ನಬಹುದು. ಟೀ ತೀರಾ ಸ್ಟ್ರಾಂಗ್ ಆದಾಗ ಇದು ಜಾಸ್ತಿ.

"ಮಾರನೇ ದಿನ ತಟ್ಟೆಯಲ್ಲಿ ನೀರು ನಿಂತಿತ್ತು." ಅಗರ್ ಜೆಲ್ಲಿ ಇಟ್ಟಷ್ಟೂ ಸ್ವಲ್ಪ ನೀರು ಬಿಡುತ್ತದೆ, ಅದು ಅದರ ಸ್ವಭಾವ. ಬಗ್ಗಿಸಿ ಚೆಲ್ಲಿ. ಹಣ್ಣು ಸೇರದ ಜೆಲ್ಲಿ ಮುಚ್ಚಿದ ಡಬ್ಬದಲ್ಲಿ ಎರಡು ಮೂರು ದಿನ ಇರುತ್ತದೆ. ಹಣ್ಣು ಸೇರಿದ್ದನ್ನು ಮಾರನೇ ದಿನದೊಳಗೆ ಮುಗಿಸಿ. ಮುಚ್ಚಳ ಭದ್ರವಾಗಿರಲಿ. ಅದೇ ಫ್ರಿಜ್‌ನಲ್ಲಿ ನಿನ್ನೆಯ ಪಂದಿ ಕರಿಯೋ ಮೀನು ಸಾರೋ ಇದ್ದರೆ ಜೆಲ್ಲಿ ಆ ವಾಸನೆಯನ್ನು ಹೀರಿಕೊಳ್ಳುತ್ತದೆ.

"ಬೇಗ ತಣ್ಣಗಾಗಲಿ ಅಂತ ಫ್ರೀಜರ್‌ನಲ್ಲಿ ಇಡಬಹುದಾ?" ಇಡಬೇಡಿ. ಒಳಗಿನ ನೀರು ಹೆಪ್ಪುಗಟ್ಟಿ ಜೆಲ್ಲಿಯನ್ನು ಹರಿದುಹಾಕುತ್ತದೆ, ಕರಗಿದಾಗ ನೀರೆಲ್ಲ ಇಳಿದು ಸ್ಪಂಜಿನಂಥದ್ದು ಉಳಿಯುತ್ತದೆ. ಚೈನಾ ಗ್ರಾಸ್ ಎಳೆಗಳನ್ನು ತಯಾರಿಸುವುದೇ ಹೀಗೆ, ಜೆಲ್ಲಿಯನ್ನು ಹೆಪ್ಪುಗಟ್ಟಿಸಿ, ಕರಗಿಸಿ, ನೀರು ಬಸಿದು ಒಣಗಿಸಿ.

"ಕಾಫಿಯಲ್ಲಿ ಮಾಡಬಹುದಾ?" ಖಂಡಿತ. ಫಿಲ್ಟರ್ ಡಿಕಾಕ್ಷನ್ 150 ಮಿ.ಲೀ.ಗೆ ಬಿಸಿನೀರು 350 ಸೇರಿಸಿ, ಟೀ ಬದಲಿಗೆ ಹಾಕಿ. ನಿಂಬೆ ಬೇಡ, ಹಣ್ಣೂ ಬೇಡ. ಮೇಲೆ ತೆಂಗಿನ ಹಾಲು ಸುರಿಯಿರಿ.

"ನೆಂಟರ ಮನೆಗೆ ಒಯ್ಯಬಹುದಾ?" ತುಂಡು ಜೆಲ್ಲಿಯಾದರೆ ಧೈರ್ಯವಾಗಿ ಒಯ್ಯಿರಿ. ಕತ್ತರಿಸದೆ, ತಟ್ಟೆಯಲ್ಲೇ ಮುಚ್ಚಿ ಕೊಂಡೊಯ್ದು ಅಲ್ಲಿ ಕತ್ತರಿಸಿ. ಹಣ್ಣು, ಜೇನು, ಕಾಮಕಸ್ತೂರಿ ಬೇರೆ ಬೇರೆ ಡಬ್ಬದಲ್ಲಿರಲಿ. ಪದರದ ಲೋಟಗಳು ಮಾತ್ರ ನಮ್ಮ ತಿರುವು ರಸ್ತೆಯಲ್ಲಿ ಉಳಿಯುವುದಿಲ್ಲ, ಅವನ್ನು ಮನೆಯಲ್ಲೇ ತಿನ್ನಿ.